ದೂರದೋಟದ ಗುರುಗಳೂ ಎಳೆಯ ಓಟಗಾರರೂ

೧೯೧೯ರಲ್ಲಿ ಪುಣೆಯ ಡೆಕ್ಕನ್ ಜಿಮಖಾನಾದ ಅಧ್ಯಕ್ಷರಾಗಿದ್ದ ಸರ್ ದೊರಾಬ್ಜಿ ಟಾಟಾ ಅವರು ಆ ಸಂಸ್ಥೆಯ ಕ್ರೀಡಾಕೂಟವನ್ನು ನೋಡಲು ಬಂದಿದ್ದಾಗ ಒಂದು ಸಂಗತಿ ಅವರ ಮನಸ್ಸನ್ನು ಸೆಳೆಯಿತು. ದೂರದ ಓಟಕ್ಕೆ ನಿಂತವರಲ್ಲಿ ಅನೇಕರು ಒಕ್ಕಲು ಮಕ್ಕಳು. ಅವರ ಕಾಲಿಗೆ ಜೋಡಿರಲಿಲ್ಲ; ಓಟಕ್ಕೂ ಒಂದು ಶಾಸ್ತ್ರವುಂಟೆಂದು ಅವರಿಗೆ ಹೇಳಿಕೊಟ್ಟವರಿರಲಿಲ್ಲ. ಆದರೂ ಅವರು ತೆಗೆದುಕೊಂಡ ಕಾಲವು ಯುರೋಪಿನ ಪಟುಗಳ ಕಾಲಕ್ಕಿಂತ ಬಹಳ ಹಿಂದೆ ಬೀಳುವಂತಿರಲಿಲ್ಲ. ಈ ಅನುಭವದಿಂದ ಪ್ರೇರಿತರಾದ ಟಾಟಾ ಅವರ ಪ್ರಯತ್ನದಿಂದಲೇ ೧೯೨೦ರಲ್ಲಿ ಬೆಲ್ಜಿಯಂ ದೇಶದ ಆಂಟ್ವರ್ಪ್ ಒಲಿಂಪಿಕ್ಸಿಗೆ ಭಾರತದ ಪುಟ್ಟ ತಂಡವೊಂದು ಹೊರಟಿತು. ಆ ತಂಡದಲ್ಲಿದ್ದ ಬೆಳಗಾವಿಯ ಫಡೆಪ್ಪ ದಾರೆಪ್ಪ ಚೌಗುಲೆ ಎಂಬ ತರುಣನು ೪೨.೭೫ ಕಿಲೋಮೀಟರುಗಳ ಮ್ಯಾರಥಾನ್ ಓಟವನ್ನು ೨ ಗಂಟೆ ೫೦ ನಿಮಿಷಗಳ ಮೇಲೆ ಕೆಲವು ಸೆಕೆಂಡುಗಳಲ್ಲಿ ಮುಗಿಸಿ ೧೯ನೆಯ ಸ್ಥಾನವನ್ನು ಪಡೆದನು. ಕನ್ನಡ ನಾಡಿನ ಗಡಿಯಿಂದ ಹೊರಟು, ಪುಣೆಯ ದಾರಿಯಾಗಿ, ಲೋಕದ ಅಂಗಳವನ್ನು ತಲುಪಿದ ಮೊದಲಿಗರಲ್ಲಿ ಆತನೊಬ್ಬ.

ಅದೇ ಆಂಟ್ವರ್ಪಿನಲ್ಲಿ ಫಿನ್ಲೆಂಡಿನ ಪಾವೊ ನುರ್ಮಿಯು ಹತ್ತು ಸಾವಿರ ಮೀಟರುಗಳ ಓಟವನ್ನು ಗೆದ್ದನು. ಮುಂದಿನ ಎಂಟು ವರ್ಷಗಳಲ್ಲಿ ಆತನಿಗೆ ಸಂದ ಒಲಿಂಪಿಕ್ ಸ್ವರ್ಣಪದಕಗಳು ಒಟ್ಟು ೯. ನುರ್ಮಿಯು ಗಡಿಯಾರವನ್ನು ಕೈಯಲ್ಲಿ ಹಿಡಿದು ಓಡುತ್ತಿದ್ದುದು ಆ ಕಾಲದವರಿಗೆ ದೊಡ್ಡ ವಿಸ್ಮಯವಾಗಿತ್ತು. ಪ್ರತಿಸ್ಪರ್ಧಿಯು ಹತ್ತಿರವಿರಲಿ ದೂರವಿರಲಿ, ಆತನ ಲೆಕ್ಕವೆಲ್ಲ ತನ್ನ ಮುಷ್ಟಿಯಲ್ಲಿದ್ದ ಮುಳ್ಳಿನೊಡನೆ. ದೂರದೋಟದ ತರಬೇತಿಯ ಇತಿಹಾಸವನ್ನು ಒಂದು ದೃಷ್ಟಿಯಿಂದ ಆ ಗಡಿಯಾರದ ಇತಿಹಾಸವೆಂದೇ ಹೇಳಬಹುದು. ಮೊದಲು ಅದು ಓಟಗಾರನ ಕೈಯಲ್ಲಿತ್ತು. ಅನಂತರ ಗುರುವಿನ ಕೈಗೆ ಬಂದಿತು. ಕೆಲವೆಡೆ ಗುರುವಿನಿಂದ ಸರಕಾರದ ಕೈಗೂ ವ್ಯಾಪಾರದ ಕೈಗೂ ಹೋಯಿತು. ಕೈ ಬದಲಾದಂತೆಲ್ಲ ಓಡುವವನ ಸ್ಥಿತಿಯೂ ಬದಲಾಯಿತು.

ಗಡಿಯಾರವನ್ನು ಗುರುವಿನ ಕೈಗೆ ಒಪ್ಪಿಸಿದುದು ವಿಜ್ಞಾನ. ೧೯೩೦ರ ದಶಕದಲ್ಲಿ ಜರ್ಮನಿಯ ಫ್ರೈಬುರ್ಗ್ ನಗರದಲ್ಲಿ ವೊಲ್ಡೆಮಾರ್ ಗೆರ್ಶ್ಲರ್ ಎಂಬ ಶಿಕ್ಷಕನೂ ಹೆರ್ಬರ್ಟ್ ರೈಂಡೆಲ್ ಎಂಬ ಹೃದಯವೈದ್ಯನೂ ಕೂಡಿ ಒಂದು ಹೊಸ ಕ್ರಮವನ್ನು ರೂಪಿಸಿದರು. ಅಲ್ಪ ದೂರವನ್ನು ವೇಗವಾಗಿ ಓಡಿಸಿ ನಾಡಿಯ ಬಡಿತವನ್ನು ನಿಮಿಷಕ್ಕೆ ೧೮೦ರವರೆಗೆ ಏರಿಸುವುದು. ಅದು ೧೨೦ರ ಆಸುಪಾಸಿಗೆ ಇಳಿದೊಡನೆ ಮತ್ತೆ ಓಡಿಸುವುದು. ನಡುವಣ ಆ ಬಿಡುವಿನಲ್ಲಿಯೇ ಹೃದಯವು ಬಲಗೊಳ್ಳುವುದೆಂದು ಅವರ ಸಿದ್ಧಾಂತ. ಅವರ ಶಿಷ್ಯನಾದ ರುಡೊಲ್ಫ್ ಹಾರ್ಬಿಗ್ ೧೯೩೯ರಲ್ಲಿ ಮಿಲಾನಿನಲ್ಲಿ ೮೦೦ ಮೀಟರುಗಳನ್ನು ೧ ನಿಮಿಷ ೪೬.೬ ಸೆಕೆಂಡುಗಳಲ್ಲಿ ಓಡಿದನು. ಆ ದಾಖಲೆಯನ್ನು ೧೯೫೫ರವರೆಗೆ ಯಾರೂ ಮುರಿಯಲಾಗಲಿಲ್ಲ. ಈ ಕ್ರಮದಲ್ಲಿ ಗಮನಿಸತಕ್ಕ ಅಂಶವೊಂದುಂಟು. ನಾಡಿ ಇಳಿಯದಿದ್ದರೆ ಅಂದಿನ ಅಭ್ಯಾಸ ನಿಲ್ಲಬೇಕು. ಎಂದರೆ, ಸಾಕು ಎಂದು ಹೇಳುವ ಅಧಿಕಾರವು ಓಟಗಾರನ ದೇಹಕ್ಕೇ ಇದ್ದಿತು. ಗುರುವು ಅದನ್ನು ಓದುವವನು ಮಾತ್ರ. ಈ ಕ್ರಮವನ್ನು ಮುಂದೆ ಅನುಕರಿಸಿದವರಲ್ಲಿ ಹಲವರು ಓಟದ ಸಂಖ್ಯೆಯನ್ನು ತೆಗೆದುಕೊಂಡರು, ನಾಡಿಯನ್ನು ಕೈಬಿಟ್ಟರು.

ಚೆಕೊಸ್ಲೊವಾಕಿಯದ ಎಮಿಲ್ ಝಾಟೊಪೆಕ್ ಈ ಮಾರ್ಗವನ್ನು ಅದರ ತುತ್ತತುದಿಗೆ ಒಯ್ದನು. ೪೦೦ ಮೀಟರುಗಳ ಸುತ್ತನ್ನು ದಿನಕ್ಕೆ ೪೦ ಸಲ, ಕೆಲವು ದಿನ ಅದಕ್ಕೂ ಹೆಚ್ಚು ಸಲ ಓಡಿದವನಾತ. ೧೯೫೨ರ ಹೆಲ್ಸಿಂಕಿ ಒಲಿಂಪಿಕ್ಸಿನಲ್ಲಿ ೫,೦೦೦ ಮೀಟರು, ೧೦,೦೦೦ ಮೀಟರು, ಮ್ಯಾರಥಾನ್ ಮೂರನ್ನೂ ಗೆದ್ದನು. ಮ್ಯಾರಥಾನನ್ನು ಆತ ಅದುವರೆಗೆ ಓಡಿಯೇ ಇರಲಿಲ್ಲ. ಝಾಟೊಪೆಕ್ಕನ ಕಾಠಿಣ್ಯವನ್ನು ಕಂಡು ಲೋಕವು ಬೆರಗಾಯಿತು. ಆದರೆ ಆ ಕಾಠಿಣ್ಯವನ್ನು ಆತನ ಮೇಲೆ ಹೇರಿದವರು ಯಾರೂ ಇರಲಿಲ್ಲ. ಅದು ಪ್ರಾಪ್ತವಯಸ್ಕನೊಬ್ಬನು ತನಗೆ ತಾನೇ ವಿಧಿಸಿಕೊಂಡ ವ್ರತ. ವ್ರತವನ್ನು ಹಿಡಿಯುವ ಸ್ವಾತಂತ್ರ್ಯವಿದ್ದವನಿಗೆ ಅದನ್ನು ಬಿಡುವ ಸ್ವಾತಂತ್ರ್ಯವೂ ಇರುತ್ತದೆ.

ಹಂಗೇರಿಯ ಮಿಹಾಯ್ ಇಗ್ಲೋಯ್ ಎಂಬ ಗುರುವಿನ ಬಳಿ ಈ ಸ್ವಾತಂತ್ರ್ಯ ಬಹುಮಟ್ಟಿಗೆ ಇಲ್ಲವಾಯಿತು. ಆ ದಿನದ ಅಭ್ಯಾಸವೇನೆಂಬುದು ಮೈದಾನಕ್ಕೆ ಬರುವವರೆಗೆ ಶಿಷ್ಯನಿಗೆ ತಿಳಿಯುತ್ತಿರಲಿಲ್ಲ. ಇಗ್ಲೋಯ್ ಒಬ್ಬೊಬ್ಬನ ಓಟವನ್ನೂ ಬದಿಯಲ್ಲಿ ನಿಂತು ನೋಡಿ ಮುಂದಿನ ಆಜ್ಞೆ ಕೊಡುತ್ತಿದ್ದನು. ಫಲವೇನೋ ಅಸಾಧಾರಣವಾಗಿತ್ತು. ೧೯೫೫ರ ಒಂದೇ ವರ್ಷದಲ್ಲಿ ಆತನ ಶಿಷ್ಯ ಶಾಂಡೋರ್ ಇಹಾರೋಶ್ ೧,೫೦೦, ೩,೦೦೦, ೫,೦೦೦ ಮೀಟರುಗಳ ವಿಶ್ವದಾಖಲೆಗಳನ್ನು ಮುರಿದನು. ಲಾಸ್ಲೊ ಟಾಬೋರಿ ನಾಲ್ಕು ನಿಮಿಷಗಳೊಳಗೆ ಮೈಲಿಯನ್ನು ಓಡಿದನು. ಇಗ್ಲೋಯ್‌ನ ಕಣ್ಣು ಸೂಕ್ಷ್ಮವಾದುದು, ಶಿಷ್ಯರ ಮೇಲಿನ ಕಾಳಜಿಯೂ ನಿಜವಾದುದು. ಆದರೂ ತನ್ನ ದೇಹದ ಲೆಕ್ಕವನ್ನು ತಾನೇ ಇಟ್ಟುಕೊಳ್ಳುವ ರೂಢಿ ಶಿಷ್ಯನಿಗೆ ತಪ್ಪಿತು. ಒಳ್ಳೆಯ ಗುರುವಿನ ಕೈಯಲ್ಲಿ ಸುರಕ್ಷಿತವಾಗಿದ್ದ ಈ ಪದ್ಧತಿಯು ಬೇರೆ ಕೈಗೆ ಹೋದಾಗ ಏನಾದೀತೆಂಬ ಪ್ರಶ್ನೆಗೆ ಮುಂದಿನ ದಶಕಗಳು ಉತ್ತರ ಕೊಟ್ಟವು.

ಇದೇ ಕಾಲದಲ್ಲಿ ದಕ್ಷಿಣ ಗೋಳಾರ್ಧದಲ್ಲಿ ಇಬ್ಬರು ಗುರುಗಳು ಹೆಸರಾದರು. ಆಸ್ಟ್ರೇಲಿಯದ ಪರ್ಸಿ ಸೆರುಟಿ ಸಮುದ್ರತೀರದ ಪೋರ್ಟ್‌ಸೀ ಎಂಬಲ್ಲಿ ಒಂದು ಬಗೆಯ ಆಶ್ರಮವನ್ನೇ ಕಟ್ಟಿದನು. ಮರಳುದಿಣ್ಣೆಗಳನ್ನು ಹತ್ತಿಸುವುದು, ಭಾರ ಎತ್ತಿಸುವುದು, ಸರಳ ಆಹಾರ, ತತ್ತ್ವದ ಉಪನ್ಯಾಸ, ಇವು ಅಲ್ಲಿಯ ದಿನಚರಿ. ನೋವನ್ನು ಅಪ್ಪಿಕೊಳ್ಳಬೇಕೆಂಬುದು ಆತನ ಬೋಧೆ. ಅಲ್ಲಿ ಬೆಳೆದ ಹರ್ಬ್ ಎಲಿಯಟ್ ೧೯೬೦ರ ರೋಮ್ ಒಲಿಂಪಿಕ್ಸಿನಲ್ಲಿ ೧,೫೦೦ ಮೀಟರುಗಳನ್ನು ೩ ನಿಮಿಷ ೩೫.೬ ಸೆಕೆಂಡುಗಳಲ್ಲಿ ಓಡಿ ವಿಶ್ವದಾಖಲೆಯೊಡನೆ ಗೆದ್ದನು. ೨೪ ವರ್ಷ ತುಂಬುವ ಮೊದಲೇ ಓಟದಿಂದ ಸ್ವಇಚ್ಛೆಯಿಂದ ನಿವೃತ್ತನಾದನು. ಅರವತ್ತು ದಾಟಿದ ಸೆರುಟಿ ತಾನೂ ಆ ದಿಣ್ಣೆಗಳನ್ನು ಹತ್ತುತ್ತಿದ್ದನೆಂಬುದನ್ನು ಮರೆಯಬಾರದು.

ನ್ಯೂಜಿಲೆಂಡಿನ ಆರ್ಥರ್ ಲಿಡಿಯರ್ಡ್ ಜೋಡಿನ ಕಾರ್ಖಾನೆಯಲ್ಲಿ ದುಡಿಯುತ್ತಿದ್ದವನು. ವಾರಕ್ಕೆ ಎಷ್ಟು ಓಡಿದರೆ ದೇಹ ಬಲಿಯುತ್ತದೆ, ಎಷ್ಟು ಓಡಿದರೆ ಬಳಲುತ್ತದೆ ಎಂಬುದನ್ನು ಆತ ವರ್ಷಗಟ್ಟಲೆ ತನ್ನ ಮೇಲೆಯೇ ಪರೀಕ್ಷಿಸಿ, ವಾರಕ್ಕೆ ೧೦೦ ಮೈಲಿ ಎಂಬ ಪ್ರಮಾಣಕ್ಕೆ ಬಂದನು. ಅವನ ಶಿಷ್ಯರು ಆಕ್ಲೆಂಡಿನ ಬೆಟ್ಟದ ದಾರಿಯಲ್ಲಿ ೨೨ ಮೈಲಿಗಳ ಸುತ್ತನ್ನು ಓಡುತ್ತಿದ್ದರು. ಆದರೆ ಪಕ್ಕದವನೊಡನೆ ಮಾತಾಡಬಲ್ಲಷ್ಟು ಹಿತವಾದ ವೇಗದಲ್ಲಿ. ೧೯೬೦ರ ಸೆಪ್ಟೆಂಬರ್ ೨ರಂದು ರೋಮಿನಲ್ಲಿ ಒಂದು ಗಂಟೆಯ ಅವಧಿಯೊಳಗೆ ಪೀಟರ್ ಸ್ನೆಲ್ ೮೦೦ ಮೀಟರುಗಳನ್ನೂ, ಒಂದು ತೋಳು ಸೊರಗಿದ್ದ ಮರೆ ಹಾಲ್‌ಬರ್ಗ್ ೫,೦೦೦ ಮೀಟರುಗಳನ್ನೂ ಗೆದ್ದರು. ಎಳೆಯರ ವಿಷಯದಲ್ಲಿ ಲಿಡಿಯರ್ಡನ ಮಾತು ಖಚಿತವಾಗಿತ್ತು: ಅವರು ನಲಿಯುತ್ತ ಓಡಲಿ, ಉಸಿರು ಕಟ್ಟುವ ವೇಗದ ಪುನರಾವರ್ತನೆಗಳನ್ನು ಅವರಿಂದ ಮಾಡಿಸಬಾರದು. ತಾನು ಅನುಭವಿಸದ ಶ್ರಮವನ್ನು ಶಿಷ್ಯನಿಗೆ ವಿಧಿಸದಿರುವುದು ಸೆರುಟಿ, ಲಿಡಿಯರ್ಡ್ ಇಬ್ಬರಿಗೂ ಸಮಾನವಾದ ಗುಣ. ನಮ್ಮ ಗರಡಿಮನೆಗಳ ಹಳೆಯ ವಸ್ತಾದರಲ್ಲಿಯೂ ಈ ಗುಣವಿದ್ದಿತು. ತಾನೂ ಮಟ್ಟಿಗಿಳಿದು ಸಾಮು ಮಾಡಿದವನಿಗೇ ಹುಡುಗನನ್ನು ದಂಡಿಸುವ ಹಕ್ಕೆಂದು ಅಲ್ಲಿ ತಿಳಿಯಲಾಗಿತ್ತು.

ಗಡಿಯಾರವು ಗುರುವಿನ ಕೈಯನ್ನೂ ದಾಟಿ ಹೋದುದಕ್ಕೆ ಜಪಾನಿನ ಕೋಕಿಚಿ ತ್ಸುಬುರಾಯಾನ ಬಾಳು ನಿದರ್ಶನ. ಆತ ಜಪಾನಿನ ಭೂಸೇನಾದಳಕ್ಕೆ ಸೇರಿದವನು. ೧೯೬೪ರ ಟೋಕಿಯೊ ಒಲಿಂಪಿಕ್ಸಿನ ಮ್ಯಾರಥಾನಿನಲ್ಲಿ ಎರಡನೆಯವನಾಗಿ ಕ್ರೀಡಾಂಗಣವನ್ನು ಹೊಕ್ಕ ಅವನನ್ನು, ಸಹಸ್ರಾರು ಸ್ವದೇಶೀಯರ ಕಣ್ಣೆದುರಿಗೆ, ಇಂಗ್ಲೆಂಡಿನ ಬೇಸಿಲ್ ಹೀಟ್ಲಿ ಹಿಂದೆ ಹಾಕಿದನು. ತ್ಸುಬುರಾಯಾನಿಗೆ ಸಿಕ್ಕ ಕಂಚಿನ ಪದಕವು ಆ ಕೂಟದ ಓಟ-ನೆಗೆತಗಳಲ್ಲಿ ಜಪಾನಿಗೆ ಬಂದ ಏಕೈಕ ಪದಕ. ಆದರೂ ಆತ ಅದನ್ನು ದೇಶಕ್ಕೆ ಮಾಡಿದ ಅಪಚಾರವೆಂದು ಭಾವಿಸಿ, ೧೯೬೮ರ ಮೆಕ್ಸಿಕೊದಲ್ಲಿ ಅದನ್ನು ತೊಳೆಯುವ ಪಣ ತೊಟ್ಟನು. ಗೊತ್ತಾಗಿದ್ದ ಮದುವೆಗೆ ಮೇಲಧಿಕಾರಿ ಒಪ್ಪಲಿಲ್ಲ; ಅವನ ಪರವಾಗಿ ಮಾತಾಡಿದ ತರಬೇತುಗಾರನಿಗೆ ವರ್ಗವಾಯಿತು. ಬೆನ್ನಿನ ನೋವಿನಿಂದ ದೇಹವೂ ಸೋತಿತು. ೧೯೬೮ರ ಜನವರಿಯಲ್ಲಿ, ತನ್ನ ೨೭ನೆಯ ವಯಸ್ಸಿನಲ್ಲಿ, ಆತ ತನ್ನ ಪ್ರಾಣವನ್ನು ತಾನೇ ಕಳೆದುಕೊಂಡನು. ಹೋಗುವ ಮುನ್ನ ಬಂಧುಗಳ ಹೆಸರನ್ನು ಒಂದೊಂದಾಗಿ ಹೇಳಿ ಕೃತಜ್ಞತೆ ಸಲ್ಲಿಸಿ ಬರೆದ ಪತ್ರವನ್ನು ಜಪಾನಿನ ಜನ ಇಂದಿಗೂ ನೆನೆಯುತ್ತಾರೆ. ಅವನಿಗೆ ಬೆತ್ತದ ಏಟು ಕೊಟ್ಟವರಿರಲಿಲ್ಲ. ಸೋತು ಸಾಕೆನ್ನಲು ಅವನಿಗೆ ಎಡೆಯಿರಲಿಲ್ಲ.

ಸರಕಾರದ ಕೀರ್ತಿಯೂ ಗುರುವಿನ ನಿರಂಕುಶತೆಯೂ ಒಂದಾದುದನ್ನು ಚೀನದ ಲಿಯಾವೊನಿಂಗ್ ಪ್ರಾಂತದಲ್ಲಿ ಕಾಣಬಹುದು. ಅಲ್ಲಿಯ ಮಾ ಜುನ್‌ರೆನ್ ಎಂಬ ಗುರುವು ಕಷ್ಟ ಸಹಿಸಬಲ್ಲ ಹಳ್ಳಿಯ ಹೆಣ್ಣುಮಕ್ಕಳನ್ನೇ ಆರಿಸಿ ತಂದನು. ೧೯೯೩ರ ಸ್ಟುಟ್‌ಗಾರ್ಟ್ ವಿಶ್ವಕೂಟದಲ್ಲಿ ಅವನ ಶಿಷ್ಯೆಯರು ೧,೫೦೦, ೩,೦೦೦, ೧೦,೦೦೦ ಮೀಟರುಗಳ ಮೂರು ಸ್ವರ್ಣಗಳನ್ನೂ ಗೆದ್ದರು. ಮರುತಿಂಗಳು ಬೀಜಿಂಗಿನಲ್ಲಿ ವಾಂಗ್ ಜುನ್‌ಶಿಯಾ ಹತ್ತು ಸಾವಿರ ಮೀಟರುಗಳನ್ನು ೨೯ ನಿಮಿಷ ೩೧.೭೮ ಸೆಕೆಂಡುಗಳಲ್ಲಿ ಓಡಿ ಹಿಂದಿನ ದಾಖಲೆಯನ್ನು ೪೧ ಸೆಕೆಂಡುಗಳಿಗೂ ಹೆಚ್ಚು ಅಂತರದಿಂದ ಮುರಿದಳು. ಗುರುವು ಇದಕ್ಕೆ ಕಾರಣವಾಗಿ ಆಮೆಯ ರಕ್ತ, ಬೆಟ್ಟದ ಗಿಡಮೂಲಿಕೆ, ದಿನಕ್ಕೊಂದು ಮ್ಯಾರಥಾನಿನಷ್ಟು ಓಟ ಇವುಗಳನ್ನು ಹೇಳುತ್ತಿದ್ದನು. ಉದ್ದ ಕೂದಲಿಗೂ ಪ್ರಣಯಕ್ಕೂ ಅಲ್ಲಿ ನಿಷೇಧವಿತ್ತು. ೧೯೯೪ರ ಕೊನೆಯಲ್ಲಿ ವಾಂಗ್ ಮತ್ತು ಸಂಗಡಿಗರು ಗುರುವನ್ನು ಬಿಟ್ಟು ಹೊರನಡೆದರು. ಬಹುಮಾನದ ಹಣ ತಮಗೆ ಸಂದಿಲ್ಲ, ಶಿಕ್ಷೆ ಸಹಿಸಲಸಾಧ್ಯ ಎಂಬುದು ಅವರ ದೂರು. ೧೯೯೫ರಲ್ಲಿ ಆ ಹುಡುಗಿಯರು ಜಾವೊ ಯು ಎಂಬ ಲೇಖಕನಿಗೆ ಬರೆದ ಪತ್ರವೊಂದು ೨೦೧೬ರಲ್ಲಿ ಬಹಿರಂಗವಾಯಿತು. ನಿಷಿದ್ಧ ಔಷಧಗಳನ್ನು ತಮ್ಮಿಂದ ಬಲಾತ್ಕಾರವಾಗಿ ತೆಗೆದುಕೊಳ್ಳಿಸಲಾಯಿತೆಂದು ಅದರಲ್ಲಿತ್ತು. ಹೀಗೆ ೨೧ ವರ್ಷಗಳ ಕಾಲ ಅವರ ಮಾತು ಕಾಗದದಲ್ಲಿ ಮುಚ್ಚಿಕೊಂಡಿತ್ತು. ಅವರ ಕಾಲಮಾನಗಳು ಮಾತ್ರ ದಾಖಲೆಯ ಪುಸ್ತಕದಲ್ಲಿ ತೆರೆದುಕೊಂಡಿದ್ದವು. ೧೯೯೬ರ ಅಟ್ಲಾಂಟಾ ಒಲಿಂಪಿಕ್ಸಿನ ೫,೦೦೦ ಮೀಟರುಗಳಲ್ಲಿ ವಾಂಗ್ ಸ್ವರ್ಣವನ್ನು ಪಡೆದುದು ಆ ಗುರುವಿನಿಂದ ಬೇರ್ಪಟ್ಟ ಮೇಲೆ ಎಂಬುದೂ ವಿಚಾರಾರ್ಹ.

ಈ ಕಥೆಗಳನ್ನು ಓದಿ ಪರದೇಶದ ಮಾತೆಂದು ಸಮಾಧಾನಪಡುವಂತಿಲ್ಲ. ಒಡಿಶಾದ ಬುಧಿಯಾ ಸಿಂಗನ ಪ್ರಸಂಗವು ಭಾರತೀಯರ ಎದುರಿಗೇ ನಡೆದುದು. ೨೦೦೨ರಲ್ಲಿ ಭುವನೇಶ್ವರದ ಕೊಳೆಗೇರಿಯೊಂದರಲ್ಲಿ ಹುಟ್ಟಿದ ಈ ಬಾಲಕನನ್ನು ಬಡತನದಿಂದ ತಾಯಿಯು ೮೦೦ ರೂಪಾಯಿಗಳಿಗೆ ಒಬ್ಬ ವ್ಯಾಪಾರಿಗೆ ಕೊಟ್ಟಿದ್ದಳು. ಜೂಡೊ ಶಿಕ್ಷಕನಾಗಿದ್ದ ಬಿರಂಚಿ ದಾಸ್ ಅವನನ್ನು ಬಿಡಿಸಿ ತಂದು ತನ್ನ ಬಳಿ ಇರಿಸಿಕೊಂಡನು. ಬಾಲಕನು ಬೈಗುಳಾಡಿದನೆಂದು ತಾನು ಒಂದು ದಿನ ಮೈದಾನವನ್ನು ಸುತ್ತುವ ಶಿಕ್ಷೆ ಕೊಟ್ಟು ಹೋದೆನೆಂದೂ, ಗಂಟೆಗಟ್ಟಲೆ ಕಳೆದು ಬಂದಾಗ ಅವನು ಇನ್ನೂ ಓಡುತ್ತಲೇ ಇದ್ದನೆಂದೂ ದಾಸ್ ಹೇಳುತ್ತಿದ್ದನು. ೨೦೦೬ರ ಮೇ ೨ರಂದು, ನಾಲ್ಕು ವರ್ಷದ ಬುಧಿಯಾ ಪುರಿಯಿಂದ ಭುವನೇಶ್ವರದ ಕಡೆಗೆ ೬೫ ಕಿಲೋಮೀಟರುಗಳನ್ನು ೭ ಗಂಟೆ ೨ ನಿಮಿಷಗಳಲ್ಲಿ ಓಡಿದನು. ಬಿಸಿಲ ಕಾಲ, ದಾರಿಯುದ್ದಕ್ಕೂ ಜನ, ಕೊನೆಯಲ್ಲಿ ಮಗು ಕುಸಿಯಿತು. ದೇಶವು ಚಪ್ಪಾಳೆ ತಟ್ಟಿತು, ಒಡನೆಯೇ ಮರುಗಿತು.

ಸರಕಾರವು ಬಾಲಕನನ್ನು ದೂರದೋಟಗಳಿಂದ ತಡೆಯಿತು. ೨೦೦೭ರ ಆಗಸ್ಟಿನಲ್ಲಿ, ತಾಯಿಯು ಹಿಂಸೆಯ ದೂರು ಕೊಟ್ಟ ಮೇಲೆ, ದಾಸನ ಬಂಧನವಾಯಿತು. ದಾಸ್ ಆ ಆಪಾದನೆಯನ್ನು ಅಲ್ಲಗಳೆದನು. ೨೦೦೮ರ ಏಪ್ರಿಲಿನಲ್ಲಿ, ಬಾಲಕನ ಓಟಕ್ಕೆ ಸಂಬಂಧಿಸದ ಬೇರೊಂದು ವೈಷಮ್ಯದಲ್ಲಿ, ಆತ ಗುಂಡೇಟಿಗೆ ಬಲಿಯಾದನು. ಬುಧಿಯಾ ಸರಕಾರಿ ಕ್ರೀಡಾ ವಸತಿನಿಲಯದಲ್ಲಿ ಬೆಳೆದನು. ಲೋಕ ಆಗ ಕಲ್ಪಿಸಿಕೊಂಡಿದ್ದ ಮ್ಯಾರಥಾನ್ ವೀರನಾಗಲಿಲ್ಲ. ಈ ಪ್ರಸಂಗದಲ್ಲಿ ನ್ಯಾಯ ಹೇಳುವುದು ಸುಲಭವಲ್ಲ. ಹಸಿದ ಮಗುವಿಗೆ ಅನ್ನವಿಟ್ಟವನೂ, ಆ ಮಗುವನ್ನು ಸುಡುಬಿಸಿಲಿನಲ್ಲಿ ಓಡಿಸಿದವನೂ ಒಬ್ಬನೇ. ಉಂಡ ಅನ್ನದ ಋಣವಿರುವ ಮಗುವು ಬೇಡವೆನ್ನುವುದೆಂತು? ನಾಲ್ಕು ವರ್ಷದ ಶಿಶುವಿನ ಉತ್ಸಾಹವನ್ನು ಸಮ್ಮತಿಯೆಂದು ಎಣಿಸುವುದು ಹಿರಿಯರು ತಮಗೆ ತಾವೇ ಮಾಡಿಕೊಳ್ಳುವ ವಂಚನೆ. ಹಾಗೆಯೇ, ಓಟ ನಿಲ್ಲಿಸಿದ ಸರಕಾರವು ಕೊಳೆಗೇರಿಯ ಉಳಿದ ಮಕ್ಕಳ ಹಸಿವನ್ನು ಅಷ್ಟೇ ತ್ವರೆಯಿಂದ ನೋಡಿತೇ ಎಂಬ ಪ್ರಶ್ನೆಯೂ ಉಳಿದೇ ಇದೆ.

ರಕ್ಷಣೆಯ ಹೆಸರಿನಲ್ಲಿಯೂ ಅನ್ಯಾಯ ನಡೆಯಬಹುದೆಂಬುದಕ್ಕೆ ೧೯೨೮ರ ಆಮ್‌ಸ್ಟರ್‌ಡಾಂ ಒಲಿಂಪಿಕ್ಸ್ ಸಾಕ್ಷಿ. ಹೆಂಗಸರ ೮೦೦ ಮೀಟರುಗಳ ಓಟ ಅಲ್ಲಿ ಮೊದಲ ಬಾರಿಗೆ ನಡೆಯಿತು. ಓಡಿದವರೆಲ್ಲ ನೆಲಕ್ಕುರುಳಿದರೆಂಬ ಉತ್ಪ್ರೇಕ್ಷೆಯ ವರದಿಗಳು ಹಬ್ಬಿದವು. ಹೆಣ್ಣಿನ ಮೈಗೆ ಇದು ಸಲ್ಲದೆಂದು ತೀರ್ಮಾನವಾಗಿ, ಆ ಓಟವು ೧೯೬೦ರವರೆಗೆ ಒಲಿಂಪಿಕ್ಸಿಗೆ ಮರಳಲಿಲ್ಲ. ಹೆಂಗಸರ ಮ್ಯಾರಥಾನ್ ಬಂದುದು ೧೯೮೪ರಲ್ಲಿ. ಓಡಿದವರನ್ನು ಕೇಳದೆಯೇ ಓಡಿಸುವುದೂ, ಅವರನ್ನು ಕೇಳದೆಯೇ ತಡೆಯುವುದೂ ಒಂದೇ ಬೇರಿನ ಎರಡು ಕವಲುಗಳು.

ಅಮೆರಿಕದ ಮೇರಿ ಕೇನಳ ವೃತ್ತಾಂತವು ಸಿರಿವಂತ ದೇಶದ್ದು, ಆಧುನಿಕ ವಿಜ್ಞಾನದ ನಡುವಿನದು. ೨೦೧೩ರಲ್ಲಿ, ೧೭ರ ವಯಸ್ಸಿನಲ್ಲಿಯೇ, ಆಕೆ ಮಾಸ್ಕೊ ವಿಶ್ವಕೂಟದ ೧,೫೦೦ ಮೀಟರುಗಳ ಅಂತಿಮ ಸುತ್ತಿನಲ್ಲಿ ಓಡಿದಳು. ಅನಂತರ ಆಲ್ಬರ್ಟೊ ಸಾಲಜಾರನ ಒರೆಗಾನ್ ತರಬೇತಿ ಕೇಂದ್ರವನ್ನು ಸೇರಿದಳು. ತೂಕ ಇಳಿಸಬೇಕೆಂದು ತನ್ನನ್ನು ಎಡೆಬಿಡದೆ ಒತ್ತಾಯಿಸಿದರೆಂದೂ, ಸಂಗಡಿಗರ ಎದುರಿಗೆ ತೂಗಿ ನಾಚಿಸಿದರೆಂದೂ, ಮೂರು ವರ್ಷ ತನಗೆ ಮುಟ್ಟು ನಿಂತಿತೆಂದೂ, ಐದು ಎಲುಬುಗಳು ಮುರಿದವೆಂದೂ ಆಕೆ ೨೦೧೯ರ ನವೆಂಬರಿನಲ್ಲಿ ಬಹಿರಂಗವಾಗಿ ಹೇಳಿದಳು. ಸಾಲಜಾರ್ ಈ ಆಪಾದನೆಗಳನ್ನು ಒಪ್ಪಲಿಲ್ಲ. ಔಷಧ ನಿಯಮಗಳ ಉಲ್ಲಂಘನೆಗಾಗಿ ಅದಾಗಲೇ ಆತನಿಗೆ ನಾಲ್ಕು ವರ್ಷಗಳ ನಿಷೇಧವಾಗಿ, ಆ ಕೇಂದ್ರವೂ ಮುಚ್ಚಿತ್ತು.

ಕೇನಳ ದೇಹಕ್ಕೆ ಆದುದೇನೆಂಬುದನ್ನು ವೈದ್ಯಶಾಸ್ತ್ರವು ಅಷ್ಟರಲ್ಲಾಗಲೇ ಅರಿತಿತ್ತು. ಉಣ್ಣುವುದಕ್ಕಿಂತ ವೆಚ್ಚವಾಗುವ ಶಕ್ತಿ ಹೆಚ್ಚಾದರೆ ದೇಹವು ಮೊದಲು ಸಂತಾನಶಕ್ತಿಯ ವ್ಯವಸ್ಥೆಯನ್ನು ನಿಲ್ಲಿಸುತ್ತದೆ; ಈಸ್ಟ್ರೊಜೆನ್ ಕುಗ್ಗಿ ಎಲುಬು ಟೊಳ್ಳಾಗುತ್ತದೆ. ಹುಡುಗಿಯರ ಎಲುಬು ಗಟ್ಟಿಗೊಳ್ಳುವ ಮುಖ್ಯ ಕಾಲವೇ ಹದಿಹರೆಯ. ಆಗ ಕಳೆದುಕೊಂಡುದನ್ನು ಪೂರ್ತಿಯಾಗಿ ಮತ್ತೆ ಗಳಿಸುವುದು ಕಷ್ಟ. ಈ ಮೂರು ಲಕ್ಷಣಗಳ ಕೂಟಕ್ಕೆ ೧೯೯೨ರಲ್ಲಿಯೇ ಅಮೆರಿಕದ ಕ್ರೀಡಾವೈದ್ಯರು ಹೆಸರಿಟ್ಟಿದ್ದರು. ಗಂಡುಹುಡುಗರಿಗೂ ಇಂತಹುದೇ ಹಾನಿಯಾಗುವುದೆಂದು ೨೦೧೪ರಲ್ಲಿ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಯ ತಜ್ಞರು ಸಾರಿದರು. ತಾಲೀಮು ಏರಿದಂತೆ ಹಾಲೂ ಬಾದಾಮಿಯೂ ಏರಬೇಕೆಂಬುದು ಗರಡಿಯ ಹಳೆಯ ತಿಳಿವಳಿಕೆ. ಉಪವಾಸವಿಟ್ಟು ಸಾಮು ಮಾಡಿಸುವ ವಸ್ತಾದನಿಗೆ ಊರಿನವರು ಮಕ್ಕಳನ್ನು ಒಪ್ಪಿಸುತ್ತಿರಲಿಲ್ಲ.

ಕಠಿಣ ಶ್ರಮವಿಲ್ಲದೆ ದೂರದೋಟವಿಲ್ಲವೆಂಬುದು ನಿಜ. ಆದರೆ ಶ್ರಮಕ್ಕೂ ಕ್ರೌರ್ಯಕ್ಕೂ ನಂಟು ಅನಿವಾರ್ಯವೇ? ಕೀನ್ಯಾದ ಇಟೆನ್ ಎಂಬ ಎತ್ತರದ ಊರು ಇದಕ್ಕೆ ಬೇರೆ ಉತ್ತರವನ್ನು ಕೊಡುತ್ತದೆ. ಐರ್ಲೆಂಡಿನ ಕಾಮ್ ಒಕಾನೆಲ್ ಎಂಬ ಕ್ರೈಸ್ತ ಸಹೋದರನು ೧೯೭೬ರಲ್ಲಿ ಅಲ್ಲಿಯ ಸೇಂಟ್ ಪ್ಯಾಟ್ರಿಕ್ ಶಾಲೆಗೆ ಭೂಗೋಳದ ಉಪಾಧ್ಯಾಯನಾಗಿ ಬಂದನು. ಓಟದ ಶಾಸ್ತ್ರ ಆತನಿಗೆ ಗೊತ್ತಿರಲಿಲ್ಲ. ಗೊತ್ತಿಲ್ಲದ ಕಾರಣ ಮಕ್ಕಳನ್ನು ನೋಡುತ್ತ, ಅವರನ್ನು ಕೇಳುತ್ತ ಕಲಿತನು. ಎಳೆಯರಿಗೆ ಹಗುರವಾದ ಓಟ, ಒಳ್ಳೆಯ ನಿಲುವು, ಸಾಕಷ್ಟು ವಿಶ್ರಾಂತಿ, ಇವಿಷ್ಟೇ ಆತನ ಕ್ರಮ. ಆತನ ಕೈಕೆಳಗೆ ಬೆಳೆದ ಪೀಟರ್ ರೋನೊ ೧೯೮೮ರಲ್ಲಿ ಸೋಲ್ ಒಲಿಂಪಿಕ್ಸಿನ ೧,೫೦೦ ಮೀಟರುಗಳನ್ನು ಗೆದ್ದನು. ಡೇವಿಡ್ ರುಡಿಶಾ ೨೦೧೨ರಲ್ಲಿ ಲಂಡನ್ನಿನಲ್ಲಿ ೮೦೦ ಮೀಟರುಗಳನ್ನು ೧ ನಿಮಿಷ ೪೦.೯೧ ಸೆಕೆಂಡುಗಳಲ್ಲಿ ಓಡಿದನು.

ಇಂದು ಒಲಿಂಪಿಕ್ಸ್ ಮತ್ತು ವಿಶ್ವಕೂಟಗಳ ಮ್ಯಾರಥಾನಿಗೆ ೨೦ರ ಪ್ರಾಯ ತಲುಪದವರಿಗೆ ಪ್ರವೇಶವಿಲ್ಲ. ನಿಯಮವು ಒಳ್ಳೆಯದೇ. ಆದರೆ ಅದು ಕಾಯುವುದು ಸ್ಪರ್ಧೆಯ ದಿನವನ್ನು. ಅದಕ್ಕೆ ಹಿಂದಿನ ಸಾವಿರ ಮುಂಜಾವುಗಳನ್ನು ಕಾಯುವವರು ತಾಯ್ತಂದೆಗಳು, ಶಾಲೆ, ನೆರೆಹೊರೆ. ಮುಂಬಯಿಯಲ್ಲಿ ೨೦೦೪ರಿಂದಲೂ ಬೆಂಗಳೂರಿನಲ್ಲಿ ೨೦೦೮ರಿಂದಲೂ ದೂರದೋಟದ ದೊಡ್ಡ ಕೂಟಗಳು ನಡೆದುಬಂದಿವೆ. ಬೇರೂರಿನಲ್ಲಿ ಬಾಳು ಕಟ್ಟಿಕೊಂಡ ಕುಟುಂಬಗಳಲ್ಲಿ ಮಕ್ಕಳ ಗೆಲವಿನ ಹಂಬಲ ತುಸು ಹೆಚ್ಚೇ ಇರುತ್ತದೆ. ಆ ಗೆಲವು ಹೊಸ ಊರಿನಲ್ಲಿ ಮನೆಯವರೆಲ್ಲರಿಗೂ ದೊರೆಯುವ ಮನ್ನಣೆಯಾಗಿ ಕಾಣುತ್ತದೆ. ಅಂತಹ ಮನೆಯ ಹುಡುಗನೋ ಹುಡುಗಿಯೋ ಮುಂಜಾನೆಯ ಮೈದಾನದಿಂದ ಕುಂಟುತ್ತ ಬಂದು, ಇಂದು ಸಾಕು ಎಂದಾಗ, ಆ ಮಾತನ್ನು ಸೋಮಾರಿತನವೆಂದು ತಳ್ಳಿಹಾಕದೆ ಕೇಳಿಸಿಕೊಳ್ಳುವ ಒಬ್ಬ ಹಿರಿಯನಾದರೂ ಇರಬೇಕು. ಫ್ರೈಬುರ್ಗಿನ ವೈದ್ಯನು ನಾಡಿಯನ್ನು ಹಿಡಿದು ಕೇಳಿದುದೂ, ಇಟೆನ್ನಿನ ಉಪಾಧ್ಯಾಯನು ಕಣ್ಣಿನಿಂದ ಕೇಳಿದುದೂ ಆ ಮಾತನ್ನೇ. ತ್ಸುಬುರಾಯಾನಿಗೆ ದೊರೆಯದೆ ಹೋದುದು ಅಂತಹ ಕೇಳುಗರೇ.